ನನ್ನ ಬಲಗೈ ಸ್ಲೀವನ್ನು ನೋಡಿದವರ ಬಗ್ಗೆ

ಹೇಳಿಕೆ ಕೊಡುತ್ತಿರುವವನು ಲೈನ್‌ಮನ್, ವಯಸ್ಸು ನಲವತ್ತಮೂರು ವರ್ಷ, ವಿದ್ಯುತ್ ಕಚೇರಿಯ ದುರಸ್ತಿ ತಂಡದಲ್ಲಿ ಹತ್ತೊಂಬತ್ತು ವರ್ಷದ ಕೆಲಸ. ಆರಡಿ ಎರಡು ಅಂಗುಲ ಎತ್ತರ ಇರುವುದರಿಂದ ಕಚೇರಿಯಲ್ಲೂ ಬೀದಿಯಲ್ಲೂ ಎಲ್ಲರೂ ಕರೆಯುವುದು ಉದ್ದಣ್ಣ ಎಂದು. ವಾಸ, ನೀರಿನ ಟ್ಯಾಂಕಿನ ಹಿಂದಿನ ಓಣಿ, ಹಸಿರು ಗೇಟಿನ ಮನೆಯ ಮೇಲಿನ ಮಹಡಿ. ಸದ್ಯಕ್ಕೆ ದೊಡ್ಡಾಸ್ಪತ್ರೆಯ ಸುಟ್ಟಗಾಯದ ವಾರ್ಡು, ಕಿಟಕಿ ಪಕ್ಕದ ಮಂಚ.

ಮೇಲೆ ಹೇಳಿದ ನಾನು ಪೂರ್ತಿ ಎಚ್ಚರದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ, ನನ್ನ ಮಂಚದ ಬಳಿ ಬಂದ ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಈ ಮೂಲಕ ತಿಳಿಸುತ್ತಿರುವುದು ಒಂದೇ ವಿಷಯ. ಅಪಘಾತದ ಹೊತ್ತಿನಲ್ಲಿ ನಾನು ಸ್ಲೀವ್ ಹಾಕಿರಲಿಲ್ಲ ಎಂದು ನನ್ನ ಜೊತೆಗಾರರು ಬರೆಸಿರುವುದು ಸುಳ್ಳು. ನಾನು ಹಾಕಿದ್ದೆ. ಬಲಗೈಯದರಲ್ಲಿ ಬಿರುಕಿತ್ತು. ಬಿರುಕು ಹುಡುಕಬೇಕಾದವರು ಹುಡುಕದೆಯೇ ಸರಿಯಿದೆ ಎಂದರು. ಆ ಜೊತೆಗಾರರು ನನ್ನ ಸ್ವಂತ ಅಕ್ಕನ ಗಂಡ.

ಬರೆದುಕೊಳ್ಳುತ್ತಿರುವ ಪೇದೆಯವರು ಸ್ಲೀವ್ ಎಂದರೆ ಅಂಗಿಯ ತೋಳೇ ಎಂದು ಕೇಳಿದ್ದರಿಂದ ಅದನ್ನು ಮೊದಲು ಹೇಳುತ್ತೇನೆ. ಕರೆಂಟ್ ನಿಲ್ಲಿಸದೆ ಲೈನಿನ ಮೇಲೆ ಕೆಲಸ ಮಾಡುವಾಗ ನಾವು ಕೈಗೆ ದಪ್ಪ ರಬ್ಬರ್ ಗ್ಲೌಸ್ ಹಾಕುತ್ತೇವೆ. ಗ್ಲೌಸ್ ಮುಂಗೈ ದಾಟಿ ಸ್ವಲ್ಪ ಮೇಲಕ್ಕೆ ನಿಲ್ಲುತ್ತದೆ. ಅಲ್ಲಿಂದ ಭುಜದವರೆಗೆ ಮುಚ್ಚುವ ರಬ್ಬರ್ ತೋಳುಗವಸಿಗೆ ಸ್ಲೀವ್ ಎನ್ನುತ್ತೇವೆ. ಎರಡೂ ಕೈಯ ಸ್ಲೀವುಗಳನ್ನು ಬೆನ್ನ ಮೇಲೆ ಒಂದು ಪಟ್ಟಿ ಸೇರಿಸಿ ಹಿಡಿದಿರುತ್ತದೆ. ಸೆಕೆಗೆ ಒಳಗೆ ಚರ್ಮ ಬೆಂದು ಹೋಗುತ್ತದೆ, ಜಾರಿ ಬರಲಿ ಎಂದು ಒಳಗೆಲ್ಲ ಪೌಡರ್ ಉದುರಿಸಿಕೊಳ್ಳುತ್ತೇವೆ. ರಬ್ಬರ್ ಚೆನ್ನಾಗಿದ್ದರೆ ಮೊಣಕೈ ತಂತಿಗೆ ತಾಗಿದರೂ ಏನೂ ಆಗುವುದಿಲ್ಲ. ಕೂದಲೆಳೆಯಷ್ಟು ಬಿರುಕಿದ್ದರೆ ಸ್ಲೀವ್ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ.

ನಮ್ಮ ತಂಡದಲ್ಲಿ ಯಾರೂ ತಮ್ಮ ಸ್ಲೀವನ್ನು ತಾವೇ ಪರೀಕ್ಷೆ ಮಾಡುವುದಿಲ್ಲ. ಇದು ಯಾವ ನಿಯಮದಲ್ಲೂ ಇಲ್ಲ, ಹಿಂದೆ ಇದ್ದ ಮೇಸ್ತ್ರಿ ಹಾಕಿಕೊಟ್ಟ ಪದ್ಧತಿ. ಹೆತ್ತವರಿಗೆ ಹೆಗ್ಗಣ ಮುದ್ದು, ತನ್ನ ಸ್ಲೀವ್ ತನಗೆ ಯಾವತ್ತೂ ಚೆನ್ನಾಗೇ ಕಾಣುತ್ತದೆ, ಆದ್ದರಿಂದ ನಿನ್ನದನ್ನು ಅವನು ನೋಡಲಿ, ಅವನದನ್ನು ನೀನು ನೋಡು ಎಂದು ಆತ ಹೇಳುತ್ತಿದ್ದರು. ದಿನಾ ಬೆಳಿಗ್ಗೆ ಜೊತೆಗಾರನ ಸ್ಲೀವನ್ನು ಒಳಮಗ್ಗುಲು ಹೊರಗೆ ತಿರುಗಿಸಿ, ಬೆಳಕಿಗೆ ಹಿಡಿದು, ಗೇಣು ಗೇಣಾಗಿ ಎಳೆದು, ಮಡಿಸಿ ಉರುಳಿಸಿ ನೋಡಬೇಕು. ಎಳೆದಾಗ ಮಾತ್ರ ಬಿರುಕು ಬಾಯಿ ಬಿಡುತ್ತದೆ. ಬೆರಳಿಗೆ ಅದು ಸಿಗುವುದಿಲ್ಲ, ಕಣ್ಣಿಗೇ ಸಿಗಬೇಕು. ನೋಡಿದವನು ಆಯ್ತು ಎಂದರೆ ಮುಗಿಯಿತು. ಆಮೇಲೆ ಸ್ವಂತ ಸ್ಲೀವನ್ನು ಮತ್ತೆ ತಿರುಗಿಸಿ ನೋಡಿದರೆ, ಊಟಕ್ಕೆ ಕರೆದವರ ಮನೆಯಲ್ಲಿ ತಟ್ಟೆ ಮೂಸಿ ನೋಡಿದ ಹಾಗೆ. ಹೊರಗಿನವರಿಗೆ ಇದು ಹುಚ್ಚು ಎನ್ನಿಸಬಹುದು. ಸಾಹೇಬರಿಗೂ ಹಾಗೇ ಅನ್ನಿಸಿತೆಂದು ಅವರ ಮುಖ ನೋಡಿ ತಿಳಿಯಿತು. ಆದರೆ ಇಷ್ಟು ವರ್ಷ ನಮ್ಮ ತಂಡದಲ್ಲಿ ಒಬ್ಬನಿಗೂ ಒಂದು ಗುಳ್ಳೆ ಎದ್ದಿರಲಿಲ್ಲ.

ನನ್ನ ಜೊತೆಗಾರರಿಗೆ ಐವತ್ತೆರಡು ವರ್ಷ. ನನಗೆ ಹದಿನೈದು ಆಗಿದ್ದಾಗ ಅಕ್ಕನನ್ನು ಮದುವೆಯಾದರು. ನಮಗೆ ಅಮ್ಮ ಇರಲಿಲ್ಲ, ಅಕ್ಕನೇ ನನ್ನನ್ನು ಸಾಕಿದ್ದು, ಮದುವೆಯಾದ ಮೇಲೆ ಜೊತೆಗೇ ಕರೆದುಕೊಂಡು ಹೋದಳು. ಕಂಬ ಹತ್ತುವುದನ್ನು ಕಲಿಸಿದವರು, ಲೈನಿನ ಕೆಲಸಕ್ಕೆ ಸೇರಿಸಿದವರು ಭಾವನೇ. ನಾನು ಭಾವ ಭಾವ ಎಂದು ಕರೆಯುವುದನ್ನು ಕೇಳಿ ಕೇಳಿ ತಂಡದವರೆಲ್ಲ ಭಾವ ಎನ್ನತೊಡಗಿದರು. ಈಗ ಇಂಜಿನಿಯರ್ ಸಾಹೇಬರೂ ಭಾವ ಎಂದೇ ಕರೆಯುತ್ತಾರೆ. ಕಚೇರಿಗೆಲ್ಲ ಅಕ್ಕನನ್ನು ಕೊಟ್ಟ ಹಾಗಾಯಿತು ಎಂದು ನಾನೇ ತಮಾಷೆ ಮಾಡುತ್ತಿದ್ದೆ.

ಇದೇ ತಿಂಗಳ ಆರನೇ ತಾರೀಕು ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಾನು ಮತ್ತು ಭಾವ ಕಚೇರಿಯ ಶೆಡ್ಡಿಗೆ ಬಂದೆವು. ಅವರ ಸ್ಲೀವನ್ನು ನಾನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ, ಸರಿಯಾಗಿತ್ತು. ನನ್ನದನ್ನು ಅವರು ಕೈಗೆತ್ತಿಕೊಂಡರು. ಒಳಗಡೆಯೇ ಬೆಂಚಿನ ಮೇಲೆ ಕುಳಿತು ಎಳೆದರು, ಉರುಳಿಸಿದರು. ಹಾಗೆ ಮಾಡುತ್ತಾ ಪಕ್ಕದ ಮನೆಯವರ ನಾಯಿ ತಮ್ಮ ಒಂದು ಚಪ್ಪಲಿಯನ್ನು ಮಾತ್ರ ಕದ್ದುಕೊಂಡು ಹೋದ ಕಥೆ ಹೇಳುತ್ತಿದ್ದರು. ಎರಡನ್ನೂ ಒಯ್ದಿದ್ದರೆ ಹಾಕಿಕೊಳ್ಳಲು ಎಂದಾದರೂ ಅಂದುಕೊಳ್ಳಬಹುದಿತ್ತು ಎಂದರು. ನಾನು ನಕ್ಕೆ. ಆಮೇಲೆ ಸ್ಲೀವನ್ನು ನನ್ನ ಕಡೆ ಎಸೆದು, ಆಯ್ತು ಕಣೋ ಉದ್ದ, ಹೊರಡು ಎಂದರು. ಕೆಲಸದ ಜಾಗಕ್ಕೆ ಹೋದ ಮೇಲೆ ನನಗೆ ಪೌಡರ್ ಉದುರಿಸಿದ್ದೂ, ಬೆನ್ನ ಪಟ್ಟಿ ಹಾಕಿ ಕೊನೆಯ ತೂತಿಗೆ ಗುಂಡಿ ಸಿಕ್ಕಿಸಿ ನೋಡಿದ್ದೂ ಅವರೇ.

ಕೆಲಸ ಇದ್ದದ್ದು ಹೊಲಿಗೆ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ. ಕಂಬದ ತುದಿಯಲ್ಲಿ ತಂತಿಯನ್ನು ಹೊರುವ ಪಿಂಗಾಣಿ ಸೀಳಿತ್ತು, ಬದಲಿಸಬೇಕಿತ್ತು. ಕಾರ್ಖಾನೆ ನಡೆಯುತ್ತಿದ್ದುದರಿಂದ ಕರೆಂಟ್ ನಿಲ್ಲಿಸದೆಯೇ ಮಾಡಿ ಎಂದು ಹೇಳಿದ್ದರು. ಇಂಥ ಕೆಲಸ ನಮಗೆ ಹೊಸದಲ್ಲ. ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಬಕೆಟ್ ಗಾಡಿಯ ಡ್ರೈವರ್ ಗಾಡಿ ನಿಲ್ಲಿಸಿ ಅದರ ಕಬ್ಬಿಣದ ಕಾಲುಗಳನ್ನು ನೆಲಕ್ಕೆ ಊರಿದ. ಅವನನ್ನು ನಾವು ಗೊರಕೆ ಎನ್ನುತ್ತೇವೆ. ಹೆಸರಿಗೆ ತಕ್ಕ ಹಾಗೆ ಕೆಲಸ ಶುರುವಾಗುವ ಮೊದಲೇ ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದ. ಆದ್ದರಿಂದ ಅವನು ತಾನೇನೂ ನೋಡಿಲ್ಲ ಎಂದು ಹೇಳಿದ್ದರೆ ಅದು ನಿಜವೇ ಇರಬೇಕು.

ಮೇಲೆ ಹೋದವನು ನಾನು. ಒಂದು ವರ್ಷದಿಂದ ಪ್ರತಿ ಸಲವೂ ನಾನೇ ಹೋಗುತ್ತಿದ್ದೆ, ಭಾವ ಕೆಳಗೆ ನಿಂತು ಕಾಯುತ್ತಿದ್ದರು. ಮೊದಲು ಸರದಿ ಪ್ರಕಾರ ಹೋಗುತ್ತಿದ್ದೆವು. ಉದ್ದನ ಕೈ ಬೇಗ ತಲುಪುತ್ತದೆ, ನನಗೆ ಕೆಳಗೇ ಸರಿ ಎಂದು ಅವರು ಎಲ್ಲರ ಎದುರು ಹೇಳುತ್ತಿದ್ದರು. ನನಗೆ ಆಗ ಹೆಮ್ಮೆಯಾಗುತ್ತಿತ್ತು. ಗುರು ತನ್ನ ಜಾಗ ಬಿಟ್ಟುಕೊಡುತ್ತಿದ್ದಾನೆ ಎಂದುಕೊಂಡಿದ್ದೆ.

ಬೆಳಿಗ್ಗೆ ಹತ್ತು ಮುಕ್ಕಾಲರ ಸುಮಾರಿಗೆ ನಾನು ನೆಲದಿಂದ ಮೂವತ್ತಡಿ ಮೇಲಿದ್ದೆ. ಸೀಳಿದ ಪಿಂಗಾಣಿಯನ್ನು ಬಿಚ್ಚಿ ಎತ್ತುವಾಗ ಬಲ ಮೊಣಕೈಯ ಹಿಂಭಾಗ ಪಕ್ಕದ ತಂತಿಗೆ ತಾಗಿತು. ಅದೇ ಹೊತ್ತಿಗೆ ಬಕೆಟ್ಟಿನಿಂದ ಬಗ್ಗಿದ್ದ ನನ್ನ ಪಕ್ಕೆ ಕಂಬದ ಕಬ್ಬಿಣದ ಅಡ್ಡಪಟ್ಟಿಗೆ ಒತ್ತಿಕೊಂಡಿತ್ತು, ಕರೆಂಟ್ ಮೈಯೊಳಗಿಂದ ಅದಕ್ಕೆ ಹರಿಯಿತು. ತಂತಿಗೆ ತಾಗಿದ್ದು ನನ್ನ ಅಜಾಗರೂಕತೆ ಎಂದು ಯಾರಾದರೂ ಬರೆದಿದ್ದರೆ ಅದಕ್ಕೂ ಉತ್ತರ ಹೇಳುತ್ತೇನೆ. ಮೊಣಕೈ ತಾಗುತ್ತದೆ. ತಾಗುತ್ತದೆ ಎಂದೇ ಸ್ಲೀವ್ ಇರುವುದು.

ಆ ಮೇಲಿನದು ತುಂಡು ತುಂಡಾಗಿ ನೆನಪಿದೆ. ದೊಡ್ಡ ಸದ್ದು ನನಗೆ ಕೇಳಲಿಲ್ಲ, ಕೇಳಿತ್ತೆಂದು ಬೇರೆಯವರು ಹೇಳುತ್ತಾರೆ. ಬಕೆಟ್ ಇಳಿಸಿದ್ದು ಭಾವ. ನನ್ನನ್ನು ಎಳೆದು ಮಲಗಿಸಿ ಎದೆ ಒತ್ತಿದ್ದೂ ಭಾವ. ಅವರು ಒತ್ತದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಕಣ್ಣು ಬಿಟ್ಟಾಗ ಅವರು ಅಳುತ್ತಾ ತಂತಿ ಕತ್ತರಿಸುವ ಚಾಕುವಿನಿಂದ ನನ್ನ ಬಲಗೈ ಸ್ಲೀವನ್ನು ಭುಜದಿಂದ ಕೆಳಕ್ಕೆ ಸೀಳುತ್ತಿದ್ದರು. ಸೀಳಿ ತೆಗೆದ ಮೇಲೆ ಅದನ್ನು ಎರಡೂ ಕೈಯಲ್ಲಿ ಎಳೆದು ಆಕಾಶಕ್ಕೆ ಹಿಡಿದರು. ಮೂಗಿಗೆ ತಾಗುವಷ್ಟು ಹತ್ತಿರ ತಂದರು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಅಲ್ಲಿಂದ ಮುಂದೆ ಅವರು ನನ್ನ ಮುಖ ನೋಡಲಿಲ್ಲ. ಎಡಗೈ ಸ್ಲೀವನ್ನೂ ಕಳಚಿದ್ದು ಗೊತ್ತಾಯಿತು, ಏನು ಮಾಡಿದರೆಂದು ಗೊತ್ತಾಗಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನನ್ನನ್ನು ಒರೆಸಿದ ನರ್ಸಮ್ಮ, ಎಲ್ಲಿಗೆ ಹೊರಟಿದ್ರಿ ಅಣ್ಣ, ಭುಜದ ತನಕ ಪೌಡರ್ ಬಳ್ಕೊಂಡು ಎಂದು ಕೇಳಿದರು. ನಾನು ನಿದ್ದೆ ಹೋಗದಿರಲಿ ಎಂದು ಮಾತಾಡಿಸುತ್ತಿದ್ದರೆಂದು ಕಾಣುತ್ತದೆ. ಅವರು ಈ ವಾರ್ಡಿಗೂ ಬರುತ್ತಾರೆ, ಅವರನ್ನು ಕೇಳಬಹುದು. ಸ್ಲೀವ್ ಹಾಕದವನಿಗೆ ಭುಜದ ತನಕ ಪೌಡರ್ ಯಾಕೆ ಎಂಬುದಕ್ಕೆ ನನ್ನ ಭಾವನ ಹತ್ತಿರ ಉತ್ತರವಿದ್ದರೆ ಅದನ್ನೂ ಬರೆಸಿಕೊಳ್ಳಬಹುದು.

ಒಂಬತ್ತನೇ ತಾರೀಕು ಶುಕ್ರವಾರ ನನ್ನ ಬಲಗೈಯನ್ನು ಮೊಣಕೈಗಿಂತ ಮೇಲೆ ತೆಗೆದರು. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಹನ್ನೊಂದನೇ ತಾರೀಕು ಭಾನುವಾರ ಬೆಳಿಗ್ಗೆ ಭಾವ ಮೊದಲ ಸಲ ವಾರ್ಡಿಗೆ ಬಂದರು. ನನ್ನ ಹೆಂಡತಿ ಎದ್ದು ಅವರಿಗೆ ಕುರ್ಚಿ ಬಿಟ್ಟುಕೊಟ್ಟು ಕೆಳಗಿನ ಔಷಧಿ ಅಂಗಡಿಗೆ ಹೋದಳು. ಅವರು ಕುಳಿತರು. ನೀರು ಬೇಕೇ ಎಂದು ಕೇಳಿದರು, ನಾನು ತಲೆಯಾಡಿಸಿದೆ. ಅವರು ಲೋಟಕ್ಕೆ ನೀರು ಬಗ್ಗಿಸಿದರು. ಲೋಟ ತುಂಬಿತು, ಬಗ್ಗಿಸುತ್ತಲೇ ಇದ್ದರು. ನೀರು ತಟ್ಟೆಗೆ ಚೆಲ್ಲಿ, ಅಲ್ಲಿಂದ ಅವರ ತೊಡೆಯ ಮೇಲೆ ಬಿದ್ದ ಮೇಲೆ ನಿಲ್ಲಿಸಿದರು. ಪಾಪ, ದುಃಖದಲ್ಲಿ ಗೊತ್ತಾಗಲಿಲ್ಲ ಎಂದುಕೊಂಡೆ. ಭಾವ, ನಿಮ್ಮ ತಪ್ಪೇನಿಲ್ಲ ಬಿಡಿ ಎಂದು ನಾನೇ ಸಮಾಧಾನ ಮಾಡಿದೆ. ಅವರು ಹೂಂ ಎಂದರು. ಆ ಹೊತ್ತಿಗಾಗಲೇ ಅವರು ಠಾಣೆಗೆ ಹೋಗಿ, ಉದ್ದ ಸೆಕೆಯೆಂದು ಸ್ಲೀವ್ ಹಾಕದೆ ಮೇಲೆ ಹೋದ, ನಾನು ಬೇಡವೆಂದರೂ ಕೇಳಲಿಲ್ಲ ಎಂದು ಬರೆಸಿ ಬಂದಾಗಿತ್ತು ಎಂದು ಸಾಹೇಬರು ಈಗ ಹೇಳುತ್ತಿದ್ದಾರೆ.

ಹದಿಮೂರನೇ ತಾರೀಕು ಮಂಗಳವಾರ ಇಂಜಿನಿಯರ್ ಸಾಹೇಬರು ಹಣ್ಣಿನ ಚೀಲ ಹಿಡಿದು ಬಂದರು. ಬೈಯಬೇಕೋ ಬೇಡವೋ ಎಂದು ತಿಳಿಯದವರ ಹಾಗೆ ನಿಂತಿದ್ದರು. ಕೊನೆಗೆ, ಇಷ್ಟು ವರ್ಷದ ಕೆಲಸಗಾರ ಸ್ಲೀವ್ ಬಿಟ್ಟು ಹೇಗೆ ಹೋದೆ ಮಾರಾಯ ಎಂದು ಕೇಳಿದರು. ನಾನು ಹಾಕಿದ್ದೆ ಎಂದೆ. ಅವರು ನನ್ನ ಭುಜ ತಟ್ಟಿ, ಇಂಥ ಏಟು ಬಿದ್ದಾಗ ಎಲ್ಲರಿಗೂ ನೆನಪು ಕಲಸಿ ಹೋಗುತ್ತದೆ, ಭಾವ ಯಾಕೆ ಸುಳ್ಳು ಹೇಳುತ್ತಾರೆ, ನಿನ್ನ ಸ್ಲೀವ್ ಗಾಡಿಯ ಸೀಟಿನ ಮೇಲೆ ಮಡಿಕೆ ಕೂಡ ಬಿಚ್ಚದೆ ಸಿಕ್ಕಿದೆ ಎಂದರು. ಅವರು ಹೋದ ಮೇಲೆ ನನಗೇ ನನ್ನ ಮೇಲೆ ಅನುಮಾನ ಬಂತು. ಹಾಕಿದ್ದೆನೇ ಇಲ್ಲವೇ ಎಂದು ಎರಡು ದಿನ ಮಂಚದ ಮೇಲೆ ಮಲಗಿ ಯೋಚಿಸಿದೆ. ಭಾವ ಹೇಳಿದ್ದು ಸುಳ್ಳಿರಬಹುದು ಎನ್ನುವುದಕ್ಕಿಂತ ನನಗೆ ಹುಚ್ಚು ಹಿಡಿದಿರಬಹುದು ಎನ್ನುವುದೇ ನಂಬಲು ಸುಲಭವಾಗಿತ್ತು.

ಹದಿನೈದನೇ ತಾರೀಕು ಗುರುವಾರ ಮಧ್ಯಾಹ್ನ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಒಂದು ಚೀಲದಲ್ಲಿ ಜೋಡಿ ಸ್ಲೀವ್ ತಂದು, ಇವು ನಿನ್ನವೇ, ಗುರುತಿಸು ಎಂದರು. ಗೋದಾಮಿನವರು ತಂಡಕ್ಕೆ ಇಷ್ಟು ಜೋಡಿ ಎಂದು ಕೊಡುತ್ತಾರೆ, ಯಾರದು ಯಾವುದು ಎಂದು ಗುರುತು ಹಾಕುವುದಿಲ್ಲ. ನಾನು ಎಡಗೈಯಲ್ಲಿ ಮುಟ್ಟಿದೆ. ಮುಟ್ಟಿದ ಕೂಡಲೇ ತಿಳಿಯಿತು. ನನ್ನ ಸ್ಲೀವ್ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ, ಅದನ್ನು ನಾನು ಸರಿಯಾಗಿ ನೋಡಿದವನೇ ಅಲ್ಲ. ಆದರೆ ಇವನ್ನು ಬಲ್ಲೆ. ಎಡಗೈಯದರ ಮೇಲಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ, ಅಚ್ಚಿನಲ್ಲೇ ಬಂದದ್ದು, ಅಪಾಯವಿಲ್ಲ. ಬಲಗೈಯದರ ಒಳಗೆ ಬೆವರಿನಿಂದ ಬಣ್ಣ ತಿರುಗಿದ ಒಂದು ಪಟ್ಟೆ. ಕತ್ತಿನ ಹತ್ತಿರ ಸ್ವಲ್ಪ ಉಬ್ಬಿದ ಜಾಗ, ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಸ್ಲೀವ್ ಮುಟ್ಟಬೇಡಿ, ಎಣ್ಣೆ ರಬ್ಬರನ್ನು ತಿನ್ನುತ್ತದೆ ಎಂದು ನಾನು ಜಗಳವಾಡಿದ್ದು ಆ ಜಾಗದ ಸಲುವಾಗಿಯೇ. ದಿನಾ ಬೆಳಿಗ್ಗೆ ನಾನು ಬೆಳಕಿಗೆ ಹಿಡಿದು ನೋಡಿದ ಸ್ಲೀವುಗಳು ಅವು. ಭಾವನ ಸ್ವಂತದ ಜೋಡಿ.

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಬೆನ್ನ ಪಟ್ಟಿಯನ್ನು ನೋಡಿ ಎಂದೆ. ಭಾವ ನನ್ನ ಎದೆಯ ಮಟ್ಟಕ್ಕೆ ಬರುತ್ತಾರೆ, ಪಟ್ಟಿಯನ್ನು ಮೊಟಕು ಮಾಡಿ ಗಂಟು ಹಾಕಿಸಿಕೊಂಡಿದ್ದರು. ಸಾಹೇಬರು ಅದನ್ನು ನನ್ನ ಬೆನ್ನಿಗೆ ಹಿಡಿದು ಅಳೆದರು. ಒಂದು ಭುಜ ಮುಟ್ಟಿದರೆ ಇನ್ನೊಂದು ಮುಟ್ಟಲಿಲ್ಲ. ಲೋಕದಲ್ಲಿ ಇರುವ ಸ್ಲೀವುಗಳಲ್ಲಿ ಬೇರೆ ಯಾವುದನ್ನು ತಂದು ಕೊಟ್ಟಿದ್ದರೂ ನಾನು ನನ್ನದೇ ಇರಬಹುದು ಎನ್ನುತ್ತಿದ್ದೆ. ಭಾವ ಆತುರದಲ್ಲಿ ಎದುರಿಗಿದ್ದ ಚೀಲದಿಂದ ತಮ್ಮದನ್ನೇ ತೆಗೆದು ಸೀಟಿನ ಮೇಲಿಟ್ಟರು. ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವನು ನಾನು ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ನೋಡುವುದು ಎಂದರೇನು ಎಂಬುದೇ ಅವರಿಗೆ ಮರೆತು ಹೋಗಿತ್ತು.

ಆದರೂ ಬಿರುಕಿದ್ದ ಸ್ಲೀವನ್ನು ಅವರು ಹೇಗೆ ಆಯ್ತು ಎಂದರು ಎಂಬುದು ನನಗೆ ಆಗ ತಿಳಿದಿರಲಿಲ್ಲ. ನೋಡಿಯೂ ಕೊಟ್ಟರೇ ಎಂದು ಕೂಡ ಒಂದು ಕ್ಷಣ ಅನ್ನಿಸಿತು. ಅಷ್ಟು ಕೆಟ್ಟದ್ದನ್ನು ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಅದೇ ಸಂಜೆ ಸಾಹೇಬರು ಭಾವನ ಮನೆಗೆ ಹೋಗಿ ಇನ್ನೊಂದು ಜೋಡಿ ಎಲ್ಲಿದೆ ಎಂದು ವಿಚಾರಿಸಿದ್ದಾರೆ. ಭಾವ ಇಲ್ಲವೆಂದು ಹೇಳಿದ್ದಾರೆ.

ಹದಿನಾರನೇ ತಾರೀಕು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅಕ್ಕ ಒಬ್ಬಳೇ ಬಂದಳು. ಅಲ್ಲಿಯವರೆಗೂ ದಿನಾ ಬರುತ್ತಿದ್ದಳು, ನನಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಆ ದಿನ ನನ್ನ ಹೆಂಡತಿಯನ್ನು ಸ್ವಲ್ಪ ಹೊರಗೆ ಕೂತಿರು ಎಂದು ಕಳಿಸಿದಳು. ಹೊದಿಕೆ ಸರಿ ಮಾಡಲು ಬಗ್ಗಿದಾಗ ಅವಳ ತಲೆಗೂದಲಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಆ ವಾಸನೆ ನನಗೆ ಗೊತ್ತು. ಏನು ಸುಟ್ಟೆ ಅಕ್ಕ ಎಂದು ಕೇಳಿದೆ. ಅವಳು ಮೊದಲು ಏನೂ ಇಲ್ಲ ಎಂದಳು. ಆಮೇಲೆ ಅಲ್ಲೇ ಮಂಚದ ಅಂಚಿನಲ್ಲಿ ಕುಳಿತು, ಎರಡು ಸಲ ತಲೆ ತೊಳೆದೆ, ಹೋಗಲಿಲ್ಲ ಎಂದಳು.

ಅಕ್ಕ ಹೇಳಿದ್ದು ಇಷ್ಟು. ಸಕ್ಕರೆ ಕಾಯಿಲೆಯಿಂದ ಮೂರು ವರ್ಷದ ಹಿಂದೆಯೇ ಭಾವನ ಕಣ್ಣು ಕೆಟ್ಟಿತ್ತು. ಬಲಗಣ್ಣಿನಲ್ಲಿ ಬರೀ ಮಂಜು, ಎಡಗಣ್ಣಿನಲ್ಲಿ ಅರ್ಧ. ಕನ್ನಡಕಕ್ಕೆ ಸರಿಹೋಗುವುದಲ್ಲ. ಕಚೇರಿಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇದೆ. ತೂಕದ ಯಂತ್ರದ ಪಕ್ಕದ ಗೋಡೆಗೆ ಅದೇ ಹಳೆಯ ಅಕ್ಷರದ ಹಲಗೆ, ಯಾವತ್ತೂ ಬದಲಾಗಿಲ್ಲ. ಅಕ್ಕ ಒಂದು ಸಲ ಗಂಡನ ಜೊತೆ ಹೋಗಿ ಆ ಸಾಲುಗಳನ್ನು ನೋಡಿ ಬಾಯಿಪಾಠ ಮಾಡಿಕೊಂಡು ಬಂದಳು. ಆಮೇಲೆ ಅಡುಗೆಮನೆಯಲ್ಲಿ ಅವರಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಳು. ಮೂರು ವರ್ಷವೂ ಭಾವ ಗೋಡೆಯ ಕಡೆ ತಿರುಗಿ ಅದನ್ನೇ ಒಪ್ಪಿಸಿ ಪಾಸಾಗಿ ಬಂದರು. ಕಣ್ಣಿಲ್ಲ ಎಂದು ತಿಳಿದರೆ ಗೋದಾಮಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರಿಸುತ್ತಾರೆ, ಇಷ್ಟು ದಿನ ಭಾವ ಭಾವ ಎಂದವರೆಲ್ಲ ದಾಟಿಕೊಂಡು ಹೋಗುತ್ತಾರೆ, ಅದಕ್ಕಿಂತ ಸಾಯುವುದು ಮೇಲು ಎಂದು ಅವರು ಹೇಳುತ್ತಿದ್ದರಂತೆ.

ಈಗ ನನಗೆ ಒಂದು ನೆನಪಾಯಿತು. ಹೋದ ವರ್ಷ ಒಂದು ಸಂಜೆ ನಾನು ಅವರ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಭಾವ ಒಂದೊಂದೇ ಅಕ್ಷರ ಹೇಳುತ್ತಿದ್ದರು, ಅಕ್ಕ ತಪ್ಪು ತಿದ್ದುತ್ತಿದ್ದಳು. ಏನು ಭಾವ, ಈ ವಯಸ್ಸಿನಲ್ಲಿ ಒಂದನೇ ಕ್ಲಾಸಿಗೆ ಸೇರಿದಿರಾ ಎಂದು ಕೇಳಿದೆ. ಮೇಡಂ ಬಹಳ ಸ್ಟ್ರಿಕ್ಟು ಕಣೋ ಎಂದು ಅವರು ಅಕ್ಕನ ಕಡೆ ತೋರಿಸಿದರು. ಮೂರೂ ಜನ ಸೇರಿ ನಕ್ಕೆವು. ನಾನು ಏನಕ್ಕೆ ನಗುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ, ಅವರಿಬ್ಬರಿಗೂ ಗೊತ್ತಿತ್ತು.

ನನ್ನ ಎರಡೂ ಸ್ಲೀವುಗಳನ್ನು ಭಾವ ಆ ದಿನ ಅಂಗಿಯೊಳಗೆ ಸುತ್ತಿಕೊಂಡು ಮನೆಗೆ ತಂದಿದ್ದರೆಂದೂ, ಗುರುವಾರ ಪೊಲೀಸರು ಬಂದು ಹೋದ ಮೇಲೆ ಅವರು ಇದ್ದಲ್ಲೇ ಕುಳಿತುಬಿಟ್ಟರೆಂದೂ, ಶುಕ್ರವಾರ ಬೆಳಿಗ್ಗೆ ತಾನೇ ಹಿತ್ತಿಲಲ್ಲಿ ಅವನ್ನು ಸುಟ್ಟೆನೆಂದೂ ಅಕ್ಕ ಹೇಳಿದಳು. ಬಿರುಕು ನೋಡಿದೆಯಾ ಎಂದು ಕೇಳಿದೆ. ನೋಡಿದೆ ಎಂದಳು. ಎಷ್ಟಿತ್ತು ಎಂದೆ. ಮೊಣಕೈ ಹತ್ತಿರ ಎಳೆದ ಕೂಡಲೇ ಕಾಣುತ್ತಿತ್ತು ಎಂದಳು. ಲೈನಿನ ಕೆಲಸ ಗೊತ್ತಿಲ್ಲದ ನನ್ನ ಅಕ್ಕನಿಗೂ ಕಾಣುವಷ್ಟಿತ್ತು.

ಮುಂದಿನ ಮಾತನ್ನು ಅವಳು ಹೇಳಿದ ಹಾಗೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ. "ಹೋದ ಕೈ ತಿರುಗಿ ಬರಲ್ಲ ಕಣೋ. ನೀನು ಹೇಗಿದ್ರೂ ಇನ್ನು ಕಂಬ ಹತ್ತಲ್ಲ. ಸೆಕೆ ಅಂತ ಹಾಕಿರಲಿಲ್ಲ ಅಂತ ಒಂದು ಮಾತು ಹೇಳಿಬಿಡು. ಅವರಾದ್ರೂ ಉಳೀಲಿ."

ದಿನಾ ಬೆಳಿಗ್ಗೆ ನನ್ನ ಸ್ಲೀವನ್ನು ನೋಡುವುದು ಅವರೇ ಎಂದು ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಅಕ್ಕ ತಲೆ ತಗ್ಗಿಸಿ ಗೊತ್ತಿತ್ತು ಎಂದಳು. ಅದಕ್ಕೇ ನೀವಿಬ್ಬರೂ ಸಂಜೆ ಮನೆ ಸೇರುವ ತನಕ ನಾನು ಒಂದು ದಿನವೂ ಊಟ ಮಾಡುತ್ತಿರಲಿಲ್ಲ, ಬಾಗಿಲಲ್ಲೇ ನಿಂತಿರುತ್ತಿದ್ದೆ ಎಂದಳು. ಅದನ್ನು ನನ್ನ ಮೇಲಿನ ಪ್ರೀತಿ ಎಂದೇ ಹೇಳಿದಳು. ಪ್ರೀತಿಯೇ ಇರಬಹುದು. ಮೂರು ವರ್ಷ ಊಟ ಬಿಟ್ಟಳು, ಒಂದು ಮಾತು ಆಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎನ್ನುತ್ತಾರೆ. ಅಕ್ಕ ನನಗೆ ಬೇಲಿಯೂ ಹೌದು, ಹೊಲದ ಯಜಮಾನಿಯೂ ಹೌದು. ಭಾವ ಹೇಳಿದ ಸುಳ್ಳನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ, ಅಕ್ಕನ ಮೌನ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವಳು ಸ್ವಲ್ಪ ಹೊತ್ತು ಕಾದು, ತಂದ ಊಟದ ಡಬ್ಬಿ ಇಟ್ಟು ಹೋದಳು. ನನ್ನ ಹೆಂಡತಿ ಒಳಗೆ ಬಂದು ಅತ್ತಿಗೆ ಯಾಕೆ ಅಳುತ್ತಾ ಹೋದರು ಎಂದು ಕೇಳಿದಳು. ಹೇಳಿದೆ. ಅವಳು ಡಬ್ಬಿಯನ್ನು ಬಿಚ್ಚದೆ ತೆಗೆದುಕೊಂಡು ಹೋಗಿ ಪಕ್ಕದ ಮಂಚದವರಿಗೆ ಕೊಟ್ಟಳು.

ಸುಮ್ಮನಿದ್ದುಬಿಡೋಣ ಎಂದೇ ನಾನು ಯೋಚಿಸಿದ್ದೆ. ಸಾಕಿದವಳ ಮನೆ ನನ್ನ ಬಾಯಿಂದ ಕೆಡಬಾರದು ಎಂದುಕೊಂಡಿದ್ದೆ. ಈ ದಿನ ಹದಿನೇಳನೇ ತಾರೀಕು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ತಂಡದ ಇನ್ನೊಬ್ಬ ಲೈನ್‌ಮನ್ ನನ್ನನ್ನು ನೋಡಲು ಬಂದ. ಅವನನ್ನು ನಾವು ಮೀಸೆ ಎನ್ನುತ್ತೇವೆ, ಕಂಬದ ಮೇಲಿದ್ದರೂ ಮೀಸೆ ತೀಡುವವನು. ಭಾವ ಬುಧವಾರದಿಂದ ಕೆಲಸಕ್ಕೆ ಬರುತ್ತಿದ್ದಾರೆಂದೂ, ಬರುವ ಸೋಮವಾರದಿಂದ ತನ್ನನ್ನು ಅವರ ಜೊತೆ ಹಾಕಿದ್ದಾರೆಂದೂ ಹೇಳಿದ. ನನ್ನ ಜಾಗಕ್ಕೆ ಬರುತ್ತಿರುವುದಕ್ಕೆ ಸಂಕೋಚಪಟ್ಟು ನನ್ನ ಅಪ್ಪಣೆ ಕೇಳಲೆಂದೇ ಬಂದಿದ್ದ. ಬೇಜಾರು ಮಾಡ್ಕೋಬೇಡಣ್ಣ, ಭಾವ ಜೊತೆ ಅಂದ್ರೆ ನಮ್ಮ ಮನೇಲೂ ಧೈರ್ಯ ಎಂದ. ನಾನು ಅವನ ಕೈಗಳನ್ನು ನೋಡಿದೆ. ಎರಡೂ ಇದ್ದವು. ಸೋಮವಾರ ಬೆಳಿಗ್ಗೆ ನಿನ್ನ ಸ್ಲೀವನ್ನು ನೀನೇ ನೋಡಿಕೊ ಎಂದೆ. ಅವನು ಪದ್ಧತಿ ಬಿಟ್ಟ ಮಾತು ಕೇಳಿ ಗಾಬರಿಯಾಗಿ, ಭಾವನಿಗೆ ಅವಮಾನ ಮಾಡಿದ ಹಾಗಾಗುತ್ತದೆ ಅಣ್ಣ, ನಾನು ಹೇಗೆ ನೋಡಲಿ ಎಂದ. ಅವನು ನೋಡುವುದಿಲ್ಲ ಎಂದು ನನಗೆ ತಿಳಿಯಿತು. ಅವನ ಜಾಗದಲ್ಲಿ ನಾನಿದ್ದರೂ ನೋಡುತ್ತಿರಲಿಲ್ಲ. ಅವನು ಮೆಟ್ಟಿಲು ಇಳಿಯುವ ಮೊದಲೇ ನರ್ಸಮ್ಮನಿಗೆ ಹೇಳಿ ಠಾಣೆಗೆ ಫೋನ್ ಮಾಡಿಸಿದೆ.

ಭಾವನನ್ನು ಜೈಲಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಅಕ್ಕನ ಮೇಲೆ ಏನು ಕ್ರಮ ಎಂಬುದು ಕಾನೂನಿಗೆ ಬಿಟ್ಟದ್ದು, ಅದನ್ನು ನನ್ನ ಕೈಯಲ್ಲಿ ಬರೆಸಬೇಡಿ. ನಾನು ಕೇಳುವುದು ಇಷ್ಟು. ಸೋಮವಾರ ಬೆಳಿಗ್ಗೆ ಏಳೂವರೆಯೊಳಗೆ ಭಾವನ ಕಣ್ಣನ್ನು ಬೇರೆ ಡಾಕ್ಟರಿಂದ, ಬೇರೆ ಹಲಗೆಯಲ್ಲಿ ಪರೀಕ್ಷೆ ಮಾಡಿಸಿ. ಅಷ್ಟು ಹೊತ್ತಿಗೆ ಆಗದಿದ್ದರೆ ಮೀಸೆಯನ್ನು ಗಾಡಿ ಹತ್ತಲು ಬಿಡಬೇಡಿ. ಸ್ಲೀವ್ ಹಾಕಿರಲಿಲ್ಲ ಎಂದು ನನ್ನ ಹೆಸರಿನ ಮುಂದೆ ಇರುವುದನ್ನು ಹೊಡೆದು ಹಾಕಿ.

ಹೇಳುವುದೆಲ್ಲ ಮುಗಿಯಿತು ಎಂದಾಗ ಪೇದೆಯವರು, ಬರೆದದ್ದನ್ನು ನಾನು ಓದುತ್ತೇನೆ, ನೀವು ಕೇಳಿ ಸರಿಯಿದೆ ಎಂದರೆ ಸಾಕು, ಎಲ್ಲರೂ ಹಾಗೇ ಮಾಡುವುದು ಎಂದರು. ನಾನು ಒಪ್ಪಲಿಲ್ಲ. ನಿಮಗೆ ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಅವರು ಬೇಸರಪಟ್ಟುಕೊಂಡರು. ಅವರು ಒಳ್ಳೆಯವರು, ಅವರಿಂದ ನನಗೆ ಏನೂ ಆಗಿಲ್ಲ, ಅವರ ಕ್ಷಮೆ ಕೇಳಿದ್ದೇನೆ. ಹಾಳೆಗಳನ್ನು ತೊಡೆಯ ಮೇಲೆ ಇಡಿಸಿಕೊಂಡು, ಎಡಗೈಯಲ್ಲಿ ಒಂದೊಂದೇ ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನಾನೇ ಓದಿದೆ. ಇದರಲ್ಲಿ ಇರುವುದು ನಿಜ. ಯಾರೋ ಆಯ್ತು ಎಂದರೆಂದು ನಾನು ಇದನ್ನು ಹೇಳುತ್ತಿಲ್ಲ.

ಸ್ಥಳ: ದೊಡ್ಡಾಸ್ಪತ್ರೆ, ಸುಟ್ಟಗಾಯದ ವಾರ್ಡು
ತಾರೀಕು: ಹದಿನೇಳು, ಶನಿವಾರ, ಬೆಳಿಗ್ಗೆ ಹನ್ನೊಂದೂವರೆ
ಸಹಿ (ಎಡಗೈಯಲ್ಲಿ, ಮೊದಲ ಸಲ)